ಗಾನರಂಗದ ಸಾಧ್ವಿ ಹೀರಾಬಾಯಿ ಬಡೋದೆಕರ

ಹಿಂದುಸ್ತಾನಿ ಗಾಯನದಲ್ಲಿಯೂ ಮರಾಠಿ ರಂಗಭೂಮಿಯಲ್ಲಿಯೂ ಏಕಕಾಲಕ್ಕೆ ಕೀರ್ತಿ ಗಳಿಸಿದ ಶ್ರೀಮತಿ ಹೀರಾಬಾಯಿ ಬಡೋದೆಕರ ಅವರು 1905ರಲ್ಲಿ ಮಿರಜಿನಲ್ಲಿ ಜನಿಸಿದರು. ತಂದೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು; ತಾಯಿ ಬಡೋದೆಯ ಮನೆತನದ ತಾರಾಬಾಯಿ ಮಾನೆ. ಪ್ರೇಮಕ್ಕಾಗಿ ತವರನ್ನು ತೊರೆದು ಬಂದ ಆ ತಾಯಿ, ಮುಂದೆ ಪತಿಯಿಂದಲೂ ಬೇರೆಯಾಗಿ ಐವರು ಮಕ್ಕಳೊಡನೆ ನಿಲ್ಲಬೇಕಾಯಿತು. ಮಕ್ಕಳ ಹೆಸರುಗಳೂ ಬದಲಾದವು, ಚಂಪಾಕಲಿಯು ಹೀರಾಬಾಯಿಯಾದಳು. ಒಂದು ಮನೆಯ ಒಡಕು ಎಳೆಯರ ಹೆಸರನ್ನೂ ಬಿಡಲಿಲ್ಲವೆಂಬುದು ಮನಸ್ಸನ್ನು ಕಲಕುತ್ತದೆ.

ಆದರೆ ತಂದೆಯ ವಿದ್ಯೆ ಮನೆಯನ್ನು ಬಿಟ್ಟುಹೋಗಲಿಲ್ಲ. ಅಣ್ಣ ಸುರೇಶಬಾಬು ಮಾನೆಯವರೂ ಉಸ್ತಾದ್ ಅಬ್ದುಲ್ ವಹೀದ್ ಖಾನರೂ ಹೀರಾಬಾಯಿಯವರ ಕಂಠವನ್ನು ತಿದ್ದಿದರು. ತಂಗಿಯರಾದ ಕಮಲಾಬಾಯಿ, ಸರಸ್ವತಿಯರೂ ಗಾಯನದಲ್ಲಿ ಮುಂದುವರಿದರು.

ಅಂದು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಬಾಲಗಂಧರ್ವರ ಪ್ರಭಾವವಂತೂ ಅಸಾಧಾರಣವಾಗಿತ್ತು. ಅಂತಹ ಕಾಲದಲ್ಲಿ, 1929ರ ಸುಮಾರಿಗೆ, ಈ ಕುಟುಂಬವು ತಾನೇ ನಾಟಕ ಮಂಡಳಿಯೊಂದನ್ನು ಕಟ್ಟಿತು. ಸ್ತ್ರೀಪಾತ್ರವನ್ನು ಸ್ತ್ರೀಯೇ ವಹಿಸಬೇಕೆಂಬುದು ಅದರ ನಿಲುವು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ 'ಸೌಭದ್ರ' ನಾಟಕದಲ್ಲಿ ಹೀರಾಬಾಯಿಯವರು ಸುಭದ್ರೆಯಾಗಿ ಹಾಡಿದರು. ಕೀರ್ತಿ ಬಂದಿತು; ಸಾಲವೂ ಬಂದಿತು. ನಾಟಕ ಮಂಡಳಿಗಳ ಭಾಗ್ಯವೇ ಹಾಗೆ! ಮಂಡಳಿ ಮುಚ್ಚಿದ ಮೇಲೆ ಸಾಲವನ್ನು ತೀರಿಸುವ ಹೊರೆ ಹೀರಾಬಾಯಿಯವರ ಗಾಯನದ ಮೇಲೆ ಬಿದ್ದಿತು. ಊರೂರು ತಿರುಗಿ ಹಾಡಿ ಅವರು ಆ ಹೊರೆಯನ್ನು ಇಳಿಸಿದರು.

ಸ್ತ್ರೀಯರು ಸಾರ್ವಜನಿಕ ಸಭೆಯಲ್ಲಿ ಹಾಡುವುದು ಗೌರವಕ್ಕೆ ಕುಂದೆಂದು ಸಮಾಜ ಬಗೆದಿದ್ದ ಕಾಲವದು. ಟಿಕೇಟು ಇಟ್ಟ ಬಹಿರಂಗ ಕಚೇರಿಗಳಲ್ಲಿ ಹಾಡಿದ ಮೊದಲ ಗಾಯಕಿಯರಲ್ಲಿ ಹೀರಾಬಾಯಿಯವರು ಒಬ್ಬರು. ಸಾದಾ ಸೀರೆಯುಟ್ಟು, ಹಾವಭಾವಗಳಿಲ್ಲದೆ ಕುಳಿತು, ಸ್ವರವೊಂದನ್ನೇ ನಂಬಿ ಹಾಡುತ್ತಿದ್ದ ಅವರ ರೀತಿಯೇ ಆ ಪೂರ್ವಗ್ರಹಕ್ಕೆ ಉತ್ತರವಾಯಿತು. ಅವರ ಬಳಿಕ ಬಂದ ಗಾಯಕಿಯರಿಗೆ ವೇದಿಕೆಯ ಮೆಟ್ಟಿಲು ಅಷ್ಟು ಎತ್ತರವೆನಿಸಲಿಲ್ಲ. ನಮ್ಮ ಧಾರವಾಡ ನೆಲದ ಗಂಗೂಬಾಯಿ ಹಾನಗಲ್ಲರಿಗೂ ಅವರಿಗೂ ಒಡಹುಟ್ಟಿದವರಂತಹ ಸ್ನೇಹವಿತ್ತು. ಇಬ್ಬರದೂ ಒಂದೇ ಘರಾಣೆ. ಗಂಗೂಬಾಯಿಯವರ ಗುರು ಕುಂದಗೋಳದ ಸವಾಯಿ ಗಂಧರ್ವರು ಕರೀಂ ಖಾನರ ಶಿಷ್ಯರೇ ತಾನೆ!

ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಸುರೇಶಬಾಬು 1953ರಲ್ಲಿ ಅಗಲಿದರು. ಅಣ್ಣನಲ್ಲಿ ಕಲಿಯುತ್ತಿದ್ದ ಪ್ರಭಾ ಅತ್ರೆಯವರಿಗೆ ಹೀರಾಬಾಯಿಯವರೂ ವಿದ್ಯೆಯನ್ನು ಧಾರೆಯೆರೆದರು. 1965ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1970ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. 1989ರ ನವೆಂಬರಿನಲ್ಲಿ ಅವರು ಕಾಲವಶರಾದರು. ಮನೆಯ ಗಾಯನವನ್ನು ತಂಗಿ ಸರಸ್ವತಿ ರಾಣೆಯವರು 2006ರವರೆಗೂ ಬಾಳಿ ಕಾಪಾಡಿದರು.