ಆಲೂರ ವೆಂಕಟರಾಯರ ಕರ್ನಾಟಕತ್ವ

ಪುಣೆಯ ಬಳಿಯ ಖಡಕಿಯಲ್ಲಿ 1817ರ ನವೆಂಬರ್ 5ರಂದು ನಡೆದ ಕದನದಲ್ಲಿ ಎರಡನೆಯ ಬಾಜೀರಾಯನ ಸೈನ್ಯವು ಇಂಗ್ಲಿಷರೆದುರು ಹಿಮ್ಮೆಟ್ಟಿತು. ಮರುವರ್ಷ ಪೇಶ್ವೆ ಶರಣಾದನು. ಅವನ ಆಳ್ವಿಕೆಯಲ್ಲಿದ್ದ ಧಾರವಾಡ ಮೊದಲಾದ ಕನ್ನಡ ಸೀಮೆಗಳು ಕಂಪನಿಯ ವಶವಾಗಿ, ಕ್ರಮೇಣ ಮುಂಬಯಿ ಪ್ರಾಂತಕ್ಕೆ ಸೇರಿದವು. ಒಡೆಯರು ಬದಲಾದರೂ ಕಚೇರಿ, ಶಾಲೆಗಳಲ್ಲಿ ಮರಾಠಿಯ ಮೇಲುಗೈ ಬಹುಕಾಲ ಉಳಿಯಿತು. ಮಿಕ್ಕ ಕನ್ನಡನಾಡು ಮೈಸೂರು, ನಿಜಾಮ, ಮದರಾಸು, ಕೊಡಗು ಮುಂತಾದ ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು.

ಈ ಹಿನ್ನೆಲೆಯಲ್ಲಿ 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದ ಆಲೂರ ವೆಂಕಟರಾಯರು ಉಚ್ಚಶಿಕ್ಷಣಕ್ಕಾಗಿ ಪುಣೆಯ ಫರ್ಗುಸನ್ ಕಾಲೇಜನ್ನು ಸೇರಿದರು. ಮಹಾರಾಷ್ಟ್ರವು ತನ್ನ ಇತಿಹಾಸವನ್ನು ಅರಸಿ ಎಚ್ಚತ್ತ ಕಾಲವದು. ತಿಲಕರ ಪ್ರಭಾವಕ್ಕೆ ಒಳಗಾದ ತರುಣನಿಗೆ ಕನ್ನಡಿಗರ ಆತ್ಮವಿಸ್ಮೃತಿ ಅಲ್ಲಿಯೇ ಸ್ಪಷ್ಟವಾಗಿ ತೋರಿತು. ಮುಂದೆ ಹಂಪೆಯ ಅವಶೇಷಗಳ ದರ್ಶನವು ಆ ಅರಿವನ್ನು ಜೀವನವ್ರತವಾಗಿಸಿತು. ವಕೀಲಿ ವೃತ್ತಿಯನ್ನು ತೊರೆದು ಅವರು ನಾಡಿನ ಕಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವ, 1922ರಲ್ಲಿ ಆರಂಭವಾದ ಜಯಕರ್ನಾಟಕ ಪತ್ರಿಕೆ, ಏಕೀಕರಣದ ಸಂಘಟನೆಗಳು ಇವೆಲ್ಲ ಆ ವ್ರತದ ಅಂಗಗಳು. ಖಡಕಿಯ ಕದನಕ್ಕೆ ನೂರು ವರ್ಷ ತುಂಬಿದ 1917ರಲ್ಲಿ ಅವರ ಕರ್ನಾಟಕ ಗತವೈಭವ ಪ್ರಕಟವಾಯಿತು.

ಈ ಅಭಿಮಾನ ಕೂಡಿಸಿತೇ, ಒಡೆಯಿತೇ ಎಂಬುದು ವಿಚಾರಾರ್ಹ. ಮರಾಠಿಯ ಪ್ರಾಬಲ್ಯವನ್ನು ವಿರೋಧಿಸಿದ ವೆಂಕಟರಾಯರೇ ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಅವರ ದೃಷ್ಟಿಯಲ್ಲಿ ಕರ್ನಾಟಕತ್ವವು ಭಾರತೀಯತ್ವಕ್ಕೆ ಪ್ರತಿಸ್ಪರ್ಧಿಯಲ್ಲ, ಅದರ ಒಂದು ರೂಪ. ಐದಾರು ಆಡಳಿತಗಳಲ್ಲಿ ಪರಸ್ಪರ ಅಪರಿಚಿತರಾಗಿದ್ದ ಕನ್ನಡಿಗರಿಗೆ ತಾವು ಒಂದೇ ಜನವೆಂಬ ಭಾವನೆ ಮೂಡಿದುದರಲ್ಲಿ ಈ ನಿಲುವಿನ ಪಾಲು ದೊಡ್ಡದು.

ಆದರೆ ಅದರ ಮಿತಿಯನ್ನೂ ಗುರುತಿಸಬೇಕು. ಗತವೈಭವದ ಚಿತ್ರದಲ್ಲಿ ಅರಸುಮನೆತನಗಳಿಗೆ ದೊರೆತ ಸ್ಥಾನ ದುಡಿಯುವ ಜನರ ಬದುಕಿಗೆ ದೊರೆಯಲಿಲ್ಲ. ಗತಕಾಲದ ಸಾಮ್ರಾಜ್ಯಗಳ ಎಲ್ಲೆಗಳನ್ನು ಇಂದಿನ ಹಕ್ಕಿನ ಪ್ರಮಾಣವೆಂದು ಎರಡೂ ಭಾಷೆಯವರು ಮುಂದಿಟ್ಟರೆ, ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ಗಡಿಯ ಜನ ಯಾರಿಗೂ ಪೂರ್ಣವಾಗಿ ಸಲ್ಲದವರಾಗುತ್ತಾರೆ. 1956ರ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದವು. 1967ರ ಮಹಾಜನ ಆಯೋಗದ ವರದಿಯೂ ವಿವಾದವನ್ನು ಶಮನಗೊಳಿಸಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು.

ವೆಂಕಟರಾಯರು 1964ರ ಫೆಬ್ರವರಿ 25ರಂದು ನಿಧನರಾದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅದನ್ನು ಅವರು ಕಾಣಲಿಲ್ಲ. ಅವರನ್ನು ಕನ್ನಡ ಕುಲಪುರೋಹಿತರೆಂದು ಗೌರವಿಸುವವರು, ಆ ಅಭಿಮಾನದ ಮೊದಲ ಪಾಠ ಮರಾಠಿ ನೆಲದಲ್ಲಿ ನಡೆಯಿತೆಂಬುದನ್ನೂ, ಪಡೆದ ಆ ಋಣವನ್ನು ಅವರು ಅನುವಾದದ ಮೂಲಕ ಮನ್ನಿಸಿದರೆಂಬುದನ್ನೂ ಜೊತೆಯಲ್ಲಿ ನೆನೆಯುವುದು ಉಚಿತ. ನೆರೆಯವರಿಂದ ಕಲಿಯಬಲ್ಲ ನಾಡಭಿಮಾನವೇ ನಾಡನ್ನು ಕೂಡಿಸಿತೆಂಬುದಕ್ಕೆ ಅವರ ಜೀವನ ಸಾಕ್ಷಿಯಾಗಿದೆ.