ನಕಲಿ ಮರಿಯಾಳನ್ನು ಬರೆದಾಕೆ

ನಾಯಕಿಯ ಮುಖ ಕದ್ದು, ಅವಳು ಹೇಳದ ಮಾತನ್ನು ಅವಳ ಬಾಯಲ್ಲೇ ಹೇಳಿಸಿ, ನಂಬಿದ ಜನರ ದಾರಿ ತಪ್ಪಿಸೋದು. ಡೀಪ್‌ಫೇಕ್ ಅಂತ ನಾವೀಗ ಕರೆಯುವ ಈ ಕಿತಾಪತಿಯನ್ನು 1927ರಲ್ಲೇ ಜರ್ಮನಿಯ ಮೂಕಿ ಸಿನಿಮಾ ‘ಮೆಟ್ರೊಪೊಲಿಸ್’ ತೋರಿಸಿತ್ತು. ನಿರ್ದೇಶಕ ಫ್ರಿಟ್ಜ್ ಲಾಂಗ್ ಹೆಸರು ಕೇಳಿರ್ತೀರಿ. ಬರೆದಾಕೆ ಥಿಯಾ ಫಾನ್ ಹಾರ್ಬು ಅನ್ನೋದು ಸಿನಿಮಾ ಹುಚ್ಚರಿಗೂ ಸಾಮಾನ್ಯವಾಗಿ ನೆನಪಿರಲ್ಲ.

1888ರಲ್ಲಿ ಬವೇರಿಯಾದಲ್ಲಿ ಹುಟ್ಟಿದ ಥಿಯಾ ಮೊದಲು ರಂಗನಟಿ, ಆಮೇಲೆ ಜನಪ್ರಿಯ ಕಾದಂಬರಿಗಾರ್ತಿ. ಯುರೋಪಿನಲ್ಲೇ ಕೂತು ಮಹಾರಾಜ, ಯೋಗಿ, ಹುಲಿಗಳ ಭಾರತವನ್ನು ಕಲ್ಪಿಸಿಕೊಂಡು 1918ರಲ್ಲಿ ಒಂದು ಕಾದಂಬರಿ ಬರೆದರು. ಅದೂ ಸಿನಿಮಾ ಆಯ್ತು. 1922ರಲ್ಲಿ ಲಾಂಗ್ ಜೊತೆ ಮದುವೆ. ಮುಂದಿನ ಹತ್ತು ವರ್ಷ ಅವರ ದೊಡ್ಡ ಚಿತ್ರಗಳೆಲ್ಲ ಇಬ್ಬರೂ ಸೇರಿ ಕಟ್ಟಿದವು.

‘ಮೆಟ್ರೊಪೊಲಿಸ್’ನಲ್ಲಿ ನೆಲದಡಿ ದುಡಿಯುವ ಕಾರ್ಮಿಕರಿಗೆ ಮರಿಯಾ ಎಂಬ ಹುಡುಗಿಯ ಮೇಲೆ ನಂಬಿಕೆ. ನಗರದ ಒಡೆಯ ಅವಳನ್ನು ಕೊಲ್ಲಿಸಲ್ಲ. ವಿಜ್ಞಾನಿಯೊಬ್ಬ ಮಾಡಿಟ್ಟ ಯಂತ್ರಮಾನವಿಗೆ ಅವಳ ರೂಪ ಕೊಡಿಸ್ತಾನೆ. ಕೂತ ಲೋಹದ ಬೊಂಬೆಯ ಸುತ್ತ ಬೆಳಕಿನ ಬಳೆಗಳು ಮೇಲೆ ಕೆಳಗೆ ಸರಿಯುವ ದೃಶ್ಯ ಇವತ್ತಿಗೂ ಮೈ ಜುಮ್ಮೆನಿಸುತ್ತೆ. ನಕಲಿ ಮರಿಯಾ ಜನರನ್ನು ಕೆರಳಿಸಿ ಯಂತ್ರ ಒಡೆಸ್ತಾಳೆ. ಬಾಗಿಲು ತೆಗೆದುಬಿಡಿ ಅಂತ ಆಜ್ಞೆ ಕೊಡೋನು ಒಡೆಯನೇ. ಕಾರ್ಮಿಕರ ಮನೆಗಳಿಗೇ ನೀರು ನುಗ್ಗುತ್ತೆ, ಒಳಗೆ ಅವರ ಮಕ್ಕಳಿದ್ದಾರೆ.

ಇಷ್ಟೆಲ್ಲ ಕಂಡ ಥಿಯಾ ಕೊನೆಗೆ ಮಾಡಿದ್ದೇನು? ಒಡೆಯನ ಮಗನಿಂದ ಒಡೆಯನಿಗೂ ಮೇಸ್ತ್ರಿಗೂ ಕೈ ಕುಲುಕಿಸಿ ಕಥೆ ಮುಗಿಸಿದರು. ಯಂತ್ರ ಯಾರ ಕೈಲಿ ಉಳೀತು ಅಂತ ಸಿನಿಮಾ ಕೇಳೋದೇ ಇಲ್ಲ. ಯೂನಿಯನ್ ಆಫೀಸಿನಲ್ಲಿ ಕೂತು ನೋಡಿದರೆ ಸಿಟ್ಟು ಬರೋ ಅಂತ್ಯ.

ಹಾಗಂತ ಆಕೆ ಯಾವಾಗಲೂ ಅಧಿಕಾರದ ಪರ ಇದ್ದವರೂ ಅಲ್ಲ. ಗರ್ಭಪಾತವನ್ನು ಅಪರಾಧ ಮಾಡಿದ್ದ 218ನೇ ಕಲಮಿನ ವಿರುದ್ಧ 1931ರಲ್ಲಿ ಬಹಿರಂಗವಾಗಿ ದನಿ ಎತ್ತಿದರು. 1933ರಲ್ಲಿ ಹಿಟ್ಲರ್ ಬಂದ. ಅದೇ ವರ್ಷ ವಿಚ್ಛೇದನ. ಲಾಂಗ್ ದೇಶ ಬಿಟ್ಟರು, ಥಿಯಾ ಉಳಿದರು, ನಾಜಿ ಪಕ್ಷ ಸೇರಿದರು, ಆ ಆಡಳಿತದಡಿ ಸಿನಿಮಾ ಮೇಲೆ ಸಿನಿಮಾ ಬರೆದರು.

ಇಲ್ಲೇ ಕಥೆ ನಮ್ಮ ಬೆಳಗಾವಿಗೆ ಬರೋದು. ಆ ಹೊತ್ತಿಗೆ ಥಿಯಾ ತಮಗಿಂತ ಹದಿನೇಳು ವರ್ಷ ಚಿಕ್ಕವರಾದ ಭಾರತೀಯ ಪತ್ರಕರ್ತ ಅಯಿ ತೆಂಡೂಲ್ಕರ್ ಅವರನ್ನು ಗುಟ್ಟಾಗಿ ಮದುವೆಯಾಗಿದ್ದರು. ಆರ್ಯ ರಕ್ತದ ಜಪ ಮಾಡುವ ಸರ್ಕಾರ, ಅದರ ಹೆಸರಾಂತ ಲೇಖಕಿಗೆ ಕಂದು ಬಣ್ಣದ ಗಂಡ! ಯುದ್ಧದ ಹೊತ್ತಿಗೆ ಅವರು ಊರಿಗೆ ಮರಳಿದರು, ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದರು, ಬ್ರಿಟಿಷರ ಜೈಲು ಕಂಡರು. 1945ರಲ್ಲಿ ಗಾಂಧೀಜಿ ಆಶೀರ್ವಾದದೊಂದಿಗೆ ಇಂದುಮತಿ ಗುಣಾಜಿಯವರನ್ನು ಮದುವೆಯಾದರು.

ಜರ್ಮನಿಯಲ್ಲಿದ್ದ ಭಾರತೀಯರಿಗೆ ನೆರವಾಗಲಿಕ್ಕೇ ಪಕ್ಷ ಸೇರಿದ್ದು ಅಂತ ಥಿಯಾ ಆಮೇಲೆ ಸಮಜಾಯಿಷಿ ಕೊಟ್ಟರು. ನೆರವಾಗಿರಬಹುದು. ಆದರೆ ಅಷ್ಟೊಂದು ಸ್ಕ್ರಿಪ್ಟ್ ಬರೆಯೋದಕ್ಕೆ ಆ ಸಬೂಬು ಸಾಲದು.

1945ರಲ್ಲಿ ಬ್ರಿಟಿಷರು ಕೆಲ ತಿಂಗಳು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ, ಬಾಂಬಿಗೆ ಕುಸಿದ ಊರಿನ ಇಟ್ಟಿಗೆ ರಾಶಿ ತೆರವು ಮಾಡುವ ಹೆಂಗಸರ ಜೊತೆ ಆಕೆಯೂ ಕೂಲಿಗೆ ನಿಂತರು. 1954ರ ಬರ್ಲಿನ್ ಚಿತ್ರೋತ್ಸವದಲ್ಲಿ ಲಾಂಗ್ ಜೊತೆ ಬರೆದ ಹಳೆಯ ಮೂಕಿ ಚಿತ್ರವೊಂದರ ಪ್ರದರ್ಶನಕ್ಕೆ ಕರೆ ಬಂತು. ನೋಡಿ ಹೊರಬರುವಾಗ ಜಾರಿಬಿದ್ದು ಸೊಂಟಕ್ಕೆ ಏಟಾಯಿತು. ಕೆಲವೇ ದಿನಗಳಲ್ಲಿ, ಜುಲೈ 1ರಂದು ತೀರಿಕೊಂಡರು. ಆಗ 65 ವಯಸ್ಸು.