ಜೇನ್ ಆಡಮ್ಸ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸೀಡರ್‌ವಿಲ್ ಎಂಬ ಗ್ರಾಮದಲ್ಲಿ 1860ರ ಸೆಪ್ಟೆಂಬರ್ 6ರಂದು ಜೇನ್ ಆಡಮ್ಸ್ ಜನಿಸಿದರು. ಎರಡು ವರ್ಷದ ಶಿಶುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ವೈದ್ಯೆಯಾಗಬೇಕೆಂಬ ಹಂಬಲ ಅನಾರೋಗ್ಯದ ದೆಸೆಯಿಂದ ಕೈಗೂಡಲಿಲ್ಲ. 1889ರಲ್ಲಿ ಗೆಳತಿ ಎಲೆನ್ ಸ್ಟಾರ್ ಅವರೊಡಗೂಡಿ ಶಿಕಾಗೊ ನಗರದ ಬಡಜನರ ನಡುವೆ ‘ಹಲ್ ಹೌಸ್’ ಎಂಬ ಸೇವಾಕೇಂದ್ರವನ್ನು ತೆರೆದರು. ಯೂರೋಪಿನ ನಾನಾ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಅಲ್ಲಿ ನೆರೆಹೊರೆಯಾಗಿ ಬಾಳುತ್ತಿದ್ದರು. ಬೇರೆ ಬೇರೆ ನುಡಿಯ ಜನರು ಒಂದೇ ಬೀದಿಯಲ್ಲಿ ಕೂಡಿ ಬಾಳಬಲ್ಲರಾದರೆ ರಾಷ್ಟ್ರಗಳೇಕೆ ಬಾಳಲಾರವು ಎಂಬ ವಿಚಾರ ಆಕೆಯಲ್ಲಿ ಬಲಿತದ್ದು ಇಲ್ಲಿಯೇ.

1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಮರುವರ್ಷ ಏಪ್ರಿಲ್ 28ರಂದು ಹಾಲೆಂಡಿನ ಹೇಗ್ ನಗರದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಸಮ್ಮೇಳನವು ಜೇನ್ ಆಡಮ್ಸ್ ಅವರ ಅಧ್ಯಕ್ಷತೆಯಲ್ಲಿ ಆರಂಭವಾಯಿತು. ಅಲ್ಲಿಗೆ ತಲುಪುವುದೇ ಒಂದು ಸಾಹಸವಾಗಿತ್ತು. ಅಮೆರಿಕದ ಪ್ರತಿನಿಧಿಗಳಿದ್ದ ಹಡಗನ್ನು ಇಂಗ್ಲೆಂಡಿನ ತೀರದಲ್ಲಿ ಕೆಲವು ದಿನ ತಡೆಹಿಡಿಯಲಾಯಿತು. ಸಮುದ್ರಮಾರ್ಗ ಮುಚ್ಚಿದ್ದರಿಂದ ಹೊರಟು ನಿಂತಿದ್ದ ಬ್ರಿಟಿಷ್ ಮಹಿಳೆಯರಲ್ಲಿ ನೂರಕ್ಕೂ ಮಿಕ್ಕಿದವರು ಬರಲಾಗಲಿಲ್ಲ. ಆದರೂ 12 ದೇಶಗಳಿಂದ ಸಾವಿರಕ್ಕೂ ಹೆಚ್ಚು ಮಂದಿ ನೆರೆದರು. ಪರಸ್ಪರ ಕಾದಾಡುತ್ತಿದ್ದ ರಾಷ್ಟ್ರಗಳ ಸ್ತ್ರೀಯರು ಒಂದೇ ಸಭೆಯಲ್ಲಿ ಕುಳಿತರು. ಇವರಲ್ಲಿ ಹೆಚ್ಚಿನವರಿಗೆ ತಮ್ಮ ನಾಡಿನಲ್ಲಿ ಮತದಾನದ ಹಕ್ಕು ಕೂಡ ಇರಲಿಲ್ಲವೆಂಬುದನ್ನು ಮರೆಯಬಾರದು.

ಯುದ್ಧವು ಸ್ತ್ರೀಯರ ರಕ್ಷಣೆಗಾಗಿ ನಡೆಯುತ್ತದೆಂಬುದು ಅಂದು ಬಳಕೆಯಲ್ಲಿದ್ದ ಮಾತು. ಆಧುನಿಕ ಯುದ್ಧದಲ್ಲಿ ಸ್ತ್ರೀಗೆ ರಕ್ಷಣೆಯಿದೆಯೆಂಬ ಈ ನಂಬಿಕೆಯನ್ನೇ ಸಮ್ಮೇಳನ ತಳ್ಳಿಹಾಕಿತು. ಯುದ್ಧಕಾಲದಲ್ಲಿ ಆಕೆಯ ಮೇಲೆ ನಡೆಯುವ ಅತ್ಯಾಚಾರಗಳನ್ನು ಉಗ್ರವಾಗಿ ಖಂಡಿಸಿತು. ರಾಜ್ಯಾಡಳಿತದಲ್ಲಿ ಸ್ತ್ರೀಗೆ ಪುರುಷನಿಗೆ ಸಮನಾದ ಹಕ್ಕನ್ನು ಕೇಳಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸ್ತ್ರೀಯರ ರಕ್ಷಣೆ ಮತ್ತು ಶಾಂತಿಕಾರ್ಯದಲ್ಲಿ ಅವರ ಪಾತ್ರವನ್ನು ಕುರಿತು 1325ನೆಯ ನಿರ್ಣಯವನ್ನು ಅಂಗೀಕರಿಸಿದ್ದು 2000ದಲ್ಲಿ, ಎಂದರೆ 85 ವರ್ಷಗಳ ತರುವಾಯ!

ಸಮ್ಮೇಳನದ ನಿರ್ಣಯಗಳನ್ನು ಹೊತ್ತು ಜೇನ್ ಆಡಮ್ಸ್ ಸಂಗಾತಿಗಳೊಡನೆ ಲಂಡನ್, ಬರ್ಲಿನ್, ವಿಯೆನ್ನ, ರೋಮ್, ಪ್ಯಾರಿಸ್ ಮುಂತಾದ ರಾಜಧಾನಿಗಳಿಗೆ ಹೋದರು. ಮಂತ್ರಿಗಳು ಮರ್ಯಾದೆಯಿಂದ ಬರಮಾಡಿಕೊಂಡರು. ಯುದ್ಧ ಮಾತ್ರ ನಿಲ್ಲಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ, ಸೈನಿಕರಿಗೆ ಮದ್ಯ ಕುಡಿಸಿ ಬಂದೂಕಿನ ಈಟಿಯಿಂದ ಇರಿಯಲು ಕಳಿಸುವರೆಂದು ತಾವು ಕೇಳಿದ್ದನ್ನು ಸಭೆಯೊಂದರಲ್ಲಿ ತಿಳಿಸಿದರು. ಯೋಧರಿಗೆ ಅಪಮಾನವಾಯಿತೆಂದು ಪತ್ರಿಕೆಗಳು ಹರಿಹಾಯ್ದವು. 1917ರಲ್ಲಿ ಅಮೆರಿಕವೂ ಯುದ್ಧಕ್ಕಿಳಿದಾಗ ಆಕೆ ನಿಲುವು ಬದಲಿಸಲಿಲ್ಲ. ನಿನ್ನೆಯವರೆಗೆ ಹೊಗಳುತ್ತಿದ್ದವರೇ ದೂರ ಸರಿದರು. ಬೈಗುಳಕ್ಕಿಂತ ಈ ಒಂಟಿತನವೇ ಆಕೆಯನ್ನು ಹೆಚ್ಚು ನೋಯಿಸಿರಬೇಕು.

1919ರಲ್ಲಿ ಜ್ಯೂರಿಕ್ ನಗರದಲ್ಲಿ ಮಹಿಳೆಯರು ಮತ್ತೆ ಸೇರಿ ಶಾಂತಿ ಸ್ವಾತಂತ್ರ್ಯಗಳ ಅಂತರರಾಷ್ಟ್ರೀಯ ಮಹಿಳಾ ಸಂಘವನ್ನು ರೂಪಿಸಿ, ಆಕೆಯನ್ನೇ ಅಧ್ಯಕ್ಷೆಯನ್ನಾಗಿ ಆರಿಸಿದರು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಲಭಿಸಿತು. ತಮ್ಮ ಪಾಲಿನ ಹಣವನ್ನು ಸಂಘಕ್ಕೇ ಕೊಟ್ಟರು. 1935ರ ಮೇ 21ರಂದು ತೀರಿಕೊಂಡರು. ಹುಟ್ಟೂರಿನ ಸಮಾಧಿಕಲ್ಲಿನ ಮೇಲೆ ಆಕೆಯ ಹೆಸರಿನೊಡನೆ ಹಲ್ ಹೌಸ್ ಮತ್ತು ಆ ಮಹಿಳಾ ಸಂಘದ ಹೆಸರುಗಳನ್ನು ಕೆತ್ತಲಾಗಿದೆ.